ನರ ಅಂದರೆ ಯಾವುದು?

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ. ಕ್ಯಾಲಿಫೋರ್ನಿಯಾದ ಒಂದು ಕಾಲೇಜಿನ ತರಗತಿ. ಮೂರು ಕುರ್ಚಿ ಎಳೆದು ಹಾಕಿ ಆಸ್ಪತ್ರೆ ಅಂದುಕೊಂಡಿದ್ದಾರೆ. ನೀವು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ತೊಡೆಯ ಮೇಲೆ ನೀವೇ ಬರೆದ ಪಠ್ಯಕ್ರಮದ ಕರಡು. ಅಮೆರಿಕದಲ್ಲಿ ವೈದ್ಯಕೀಯ ದುಭಾಷಿಯಾಗಿ ಪ್ರಮಾಣಪತ್ರ ಬೇಕೆಂದರೆ ಕನಿಷ್ಠ 40 ಗಂಟೆ ತರಬೇತಿ ಆಗಿರಬೇಕು. ಅದರಲ್ಲಿ 16 ಗಂಟೆಯನ್ನು ನೀವು ಪದಕೋಶಕ್ಕೇ ಕೊಟ್ಟಿದ್ದೀರಿ.

ಸ್ಪ್ಯಾನಿಷ್, ಹ್ಮಾಂಗ್, ಪಂಜಾಬಿ ಮುಗಿದು ಈಗ ಕನ್ನಡದ ಸರದಿ. ರೋಗಿಯ ಪಾತ್ರಕ್ಕೆ ಹಾಸನದ ಕಡೆಯಿಂದ ಮಗನ ಮನೆಗೆ ಬಂದಿರುವ ಅಜ್ಜಿಯೊಬ್ಬರು ಸಿಕ್ಕಿದ್ದಾರೆ. ಸೀರೆ ಮೇಲೆ ಸ್ವೆಟರ್, ಸಾಕ್ಸ್ ಮೇಲೆ ಹವಾಯಿ ಚಪ್ಪಲಿ. ಡಾಕ್ಟರ್ ಪಾತ್ರ ಮಾಡುವವರು ತರಬೇತುದಾರರು. ದುಭಾಷಿ ಹುಡುಗಿ ಅಜ್ಜಿಯ ಪಕ್ಕ, ಕೊಂಚ ಹಿಂದಕ್ಕೆ ಕುರ್ಚಿ ಸರಿಸಿಕೊಳ್ಳುತ್ತಾಳೆ. ಡಾಕ್ಟರೂ ಅಜ್ಜಿಯೂ ಮುಖ ನೋಡಿಕೊಂಡು ಮಾತಾಡಲಿ ಅಂತ.

"ಅಮ್ಮಾ, ನೀವು ಆಡಿದ್ದೆಲ್ಲ ಅವರಿಗೆ ಹೇಳ್ತೀನಿ, ಅವರು ಆಡಿದ್ದೆಲ್ಲ ನಿಮಗೆ. ಹೊರಗೆ ಯಾರಿಗೂ ಹೇಳಲ್ಲ."

"ಆಗ್ಲಿ ಕಣವ್ವ. ನಿಂದು ಯಾವೂರು? ಯಾರ ಪೈಕಿ?"

ಹುಡುಗಿ ಅದನ್ನೂ ಇಂಗ್ಲಿಷಿನಲ್ಲಿ ಒಪ್ಪಿಸುತ್ತಾಳೆ. ತರಗತಿ ನಗುತ್ತದೆ, ಅಜ್ಜಿಯ ಮುಖ ಚಿಕ್ಕದಾಗುತ್ತದೆ. ನಿಯಮವೇನೋ ಸರಿಯೇ. ಆದರೆ ಊರು ಕೇಳದೆ ನಮ್ಮ ಹಿರಿಯರಿಗೆ ಮಾತೇ ಹೊರಡುವುದಿಲ್ಲ. ಕರಡಿನ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತೀರಿ.

"ಎಡಗಾಲಲ್ಲಿ ನರ ಹಿಡ್ಕಂಡೈತೆ. ರಾತ್ರಿ ಹೊತ್ತು ಸೆಳೀತೈತೆ."

"ನನ್ನ ಎಡಗಾಲಿನ ನರ್ವ್..." ಎಂದು ಹುಡುಗಿ ಇಂಗ್ಲಿಷಿಗೆ ತಿರುಗಿಸುತ್ತಾಳೆ. ರೋಗಿಯ 'ನಾನು' ದುಭಾಷಿಯ ಬಾಯಲ್ಲೂ 'ನಾನು'; ಅಷ್ಟನ್ನು ಚೆನ್ನಾಗಿ ಕಲಿತಿದ್ದಾಳೆ. ಡಾಕ್ಟರ್ ಜೋಮು ಹಿಡಿಯುತ್ತದಾ, ಶುಗರ್ ಇದೆಯಾ ಎಂದು ಕೇಳುತ್ತಾ ಹೋಗುತ್ತಾರೆ. ಅಜ್ಜಿ ಇಲ್ಲ, ಇಲ್ಲ ಎನ್ನುತ್ತಾ, ಕೊನೆಗೆ ಬೇಸತ್ತು ಸೀರೆಯ ಅಂಚು ಮೇಲಕ್ಕೆತ್ತುತ್ತಾರೆ. ಮೀನಖಂಡದ ಮೇಲೆ ನೀಲಿಗಟ್ಟಿದ ರಕ್ತನಾಳ, ಹುರಿ ಹೊಸೆದ ಹಾಗೆ ಉಬ್ಬಿಕೊಂಡಿದೆ.

ರಕ್ತ ತೆಗೆಯಲು ಸಿಸ್ಟರ್ ಹುಡುಕುವುದೂ ನರ, ಲಕ್ವ ಹೊಡೆದಾಗ ಹೋಗುವುದೂ ನರ. ನಿಮ್ಮ ಪದಕೋಶದಲ್ಲಿ ಮಾತ್ರ 'ನರ' ಎಂಬುದರ ಎದುರು ಒಂದೇ ಒಂದು ಇಂಗ್ಲಿಷ್ ಪದ.

1980ರ ಫ್ಲಾರಿಡಾದ ಹುಡುಗನ ಕಥೆ ಇಂಥ ಎಲ್ಲ ತರಗತಿಗಳಲ್ಲೂ ಬಂದೇ ಬರುತ್ತದೆ, ಇಲ್ಲಿಯೂ ಬಂತು. ತಿಂದದ್ದು ಏರುಪೇರಾಗಿದೆ ಎಂಬ ಅರ್ಥದಲ್ಲಿ ಮನೆಯವರು ಸ್ಪ್ಯಾನಿಷಿನಲ್ಲಿ 'ಇಂಟಾಕ್ಸಿಕಾಡೊ' ಅಂದರು. ಆಸ್ಪತ್ರೆಯವರು ಮಾದಕವಸ್ತು ಅಂದುಕೊಂಡರು. ಮೆದುಳಿನಲ್ಲಿ ರಕ್ತಸ್ರಾವವಾಗಿದ್ದು ತಡವಾಗಿ ಗೊತ್ತಾಯಿತು. ಅಷ್ಟರಲ್ಲಿ ಕೈಕಾಲು ನಾಲ್ಕೂ ಬಿದ್ದುಹೋಗಿದ್ದವು. ಅಲ್ಲಿ ಪದ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿದೆ ಅಂತ ಎಲ್ಲರೂ ನಂಬಿಕೊಂಡಿದ್ದರು.

ಮತ್ತೆ ಮೊದಲಿನಿಂದ. ಈ ಸಲ ಹುಡುಗಿ ಅಂಗೈ ಎತ್ತಿ, ತನಗೊಂದು ಮಾತು ಸ್ಪಷ್ಟವಾಗಬೇಕು ಎಂದು ಡಾಕ್ಟರಿಗೆ ತಿಳಿಸಿ, ಅಜ್ಜಿಯ ಕಡೆ ಬಾಗುತ್ತಾಳೆ. "ಅಮ್ಮಾ, ನರ ಅಂದ್ರಲ್ಲ, ಎಲ್ಲಿ ತೋರಿಸಿ?"

ನೀವು 16 ಹೊಡೆದುಹಾಕಿ 8 ಎಂದು ಬರೆಯುತ್ತೀರಿ. ಉಳಿದ 8ರ ಎದುರು: ನಿಲ್ಲಿಸಿ ಕೇಳುವ ಅಭ್ಯಾಸ.

"ಇನ್ನೊಂದೈತೆ ಕಣವ್ವ," ಅಜ್ಜಿಗೆ ಈಗ ಹುರುಪು. "ಉಂಡ ಮ್ಯಾಲೆ ಎದೇಲಿ ಒಂಥರಾ ಸಂಕಟ."

ಹುಡುಗಿಯ ಅಂಗೈ ಆಗಲೇ ಮೇಲೆದ್ದಿದೆ.