ಲಕ್ಷಣ ತಪ್ಪಿದ ನಾಯಿ

ಮನಗೂಳಿ ಸೀಮೆಯವರಿಗೆ ಒಳ್ಳೆಯ ನಾಯಿಯ ಲಕ್ಷಣ ಹೇಳಿಕೊಡಬೇಕಿಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೇ ಅಳತೆಗೋಲು. ನೀಳ ಕಾಲು, ಚೂಪು ಮೂತಿ, ಸಪೂರ ಮೈ. 2005ರಲ್ಲಿ ಅಂಚೆಚೀಟಿಯನ್ನೂ ಏರಿತು.

ಟಿವಿಯ ಕಾರ್ಟೂನ್ ನಾಯಿ ಸ್ಕೂಬಿ ಡೂ ಹುಟ್ಟಿದ್ದು ತದ್ವಿರುದ್ಧ ದಾರಿಯಲ್ಲಿ. ಹ್ಯಾನಾ-ಬಾರ್ಬೆರಾ ಸ್ಟುಡಿಯೊದ ಚಿತ್ರಕಾರ ಇವಾವೊ ಟಕಮೊಟೊ, ಗ್ರೇಟ್ ಡೇನ್ ಸಾಕಿ ಬಲ್ಲ ಸಹೋದ್ಯೋಗಿಯೊಬ್ಬರಿಂದ ಆ ತಳಿಯ ಲಕ್ಷಣಗಳನ್ನೆಲ್ಲ ಕೇಳಿಕೊಂಡರು. ಆಮೇಲೆ ಒಂದೊಂದನ್ನೂ ತಿರುವಿಹಾಕಿದರು: ಬೆನ್ನು ನೆಟ್ಟಗಿರಬೇಕೆಂದರೆ ಗೂನು, ಕಾಲು ನೇರವೆಂದರೆ ಸೊಟ್ಟ, ಗದ್ದ ಚಿಕ್ಕದೆಂದರೆ ದೊಡ್ಡದು. 1969ರ ಸೆಪ್ಟೆಂಬರ್ 13ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಮೊದಲ ಕಂತು. ದನಿ ಡಾನ್ ಮೆಸಿಕ್ ಅವರದು.

ಎಷ್ಟು ಮುದ್ದು, ದೆವ್ವ ಕಂಡೊಡನೆ ಓಟ ಕೀಳುವ ಆ ಸೊಟ್ಟಗಾಲಿನ ಜೀವ! ಕಂತಿನ ಕೊನೆಗೆ ದೆವ್ವದ ಮುಖವಾಡ ಕಳಚಿದರೆ ಒಳಗಿರುತ್ತಿದ್ದವನು ಬರೀ ಮನುಷ್ಯ.