ಸಿರಿಗೇರಿಯ ಬಿಸಿಲು ಮತ್ತು ನಿಮ್ಮ ಸ್ಕೂಟರ್

ಸಿರುಗುಪ್ಪ ಸೀಮೆಯ ಸಿರಿಗೇರಿಗೆ ಹೋದರೆ ಭತ್ತದ ಗದ್ದೆಗಳು, ಮೆಣಸಿನಕಾಯಿ ಹೊಲಗಳು, ಕಪ್ಪು ಎರೆಮಣ್ಣು ನಿಮ್ಮನ್ನು ಸ್ವಾಗತಿಸುತ್ತವೆ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಶಾಲೆಗೋ ಆಸ್ಪತ್ರೆಗೋ ಹೊರಟ ಸಹೋದರಿಯ ಸ್ಕೂಟರ್ ಹೊಲಗಳ ನಡುವೆ ಕೆಟ್ಟು ನಿಂತರೆ ನೆರಳೂ ಸಿಗದು.

‘ಬಿಸಿಲೂರು, ದಪ್ಪ ಆಯಿಲ್ ಹಾಕಿಸಿ’ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಅವಸರ ಬೇಡ. ಡಬ್ಬಿಯ ಮೇಲೆ 10ಡಬ್ಲ್ಯೂ-30 ಎಂದಿದ್ದರೆ, ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಗುಣವನ್ನು ಹೇಳುತ್ತದೆ. ಎರಡನೆಯದು 100 ಡಿಗ್ರಿ ಕಾದಾಗ ಅದರ ಮಂದತನವನ್ನು. ಬಿಸಿಲಿಗಿಂತ ಇಂಜಿನ್ನಿನ ಕಾವೇ ಹೆಚ್ಚು. ಬೈಕಿನ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವುದರಿಂದ ಅದಕ್ಕೆ ‘ಎಂಎ’ ದರ್ಜೆ ಬೇಕು. ಗೇರಿಲ್ಲದ ಸ್ಕೂಟರಿನದು ಒಣ ಕ್ಲಚ್. ಅದಕ್ಕೆ ಸಾಮಾನ್ಯವಾಗಿ ‘ಎಂಬಿ’. ಯಾವುದು, ಎಷ್ಟು ಎಂಬುದಕ್ಕೆ ಗಾಡಿಯ ಜೊತೆ ಬಂದ ಪುಸ್ತಕವನ್ನೇ ನೋಡಿ. ಮನೆಯವರ ಬೈಕಿಗೆ ತಂದು ಉಳಿದದ್ದನ್ನು ಸುರಿಯಬೇಡಿ.

ಇನ್ನು ವಾಲ್ವ್. ಮೆಕ್ಯಾನಿಕ್‌ಗಳು ‘ಟ್ಯಾಪೆಟ್ ಸೆಟ್ಟಿಂಗ್’ ಎನ್ನುವುದು ಇದನ್ನೇ. ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಿಕ್‌ಟಿಕ್ ಸದ್ದು ಬರುತ್ತದೆ. ಕಡಿಮೆಯಾದರೆ ಸದ್ದೇ ಇಲ್ಲ. ಆದರೆ ವಾಲ್ವ್ ಪೂರ್ತಿ ಮುಚ್ಚದೆ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಕೊನೆಗೆ ವಾಲ್ವೇ ಸುಡುತ್ತದೆ. ಆದ್ದರಿಂದ ಸದ್ದಿಲ್ಲವೆಂದು ನಿಶ್ಚಿಂತರಾಗಬೇಡಿ.

ಈ ಸಂದನ್ನು ಇಂಜಿನ್ ತಣ್ಣಗಿರುವಾಗಲೇ ಅಳೆಯಬೇಕು. ಸಿರಿಗೇರಿಯಿಂದ ಬಳ್ಳಾರಿಗೆ ಓಡಿಸಿಕೊಂಡು ಹೋಗಿ, ಆಗಲೇ ಮಾಡಿಸಿದರೆ ಅಳತೆ ತಪ್ಪುತ್ತದೆ. ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. ಬೆಳಿಗ್ಗೆ ಫೀಲರ್ ಗೇಜ್ ಇಟ್ಟು ನೋಡಲು ಹೇಳಿ. ಕೇಳಲು ಸಂಕೋಚವೇಕೆ? ಗಾಡಿ ನಿಮ್ಮದು, ದಾರಿಯೂ ನಿಮ್ಮದೇ.