ಡೇರೆಯಲ್ಲಿ ಕಂಡ ಕಾಳಿದಾಸ

1983ರ ‘ಕವಿರತ್ನ ಕಾಳಿದಾಸ’ ಚಿತ್ರವು ಕೆಲವು ವರ್ಷಗಳ ಅನಂತರ ಶಿಡ್ಲಘಟ್ಟದ ಡೇರೆಗೆ ಬಂದಿತು. ಆಗತಾನೆ ಉಪಾಧ್ಯಾಯನಾಗಿದ್ದ ನಾನು ಹೋದುದು ಉಚ್ಚಾರಣದೋಷಗಳನ್ನು ಎಣಿಸುವುದಕ್ಕಾಗಿ! ರಾಜ್‌ಕುಮಾರರಾದರೋ ಪ್ರಾಥಮಿಕ ಶಾಲೆಯನ್ನೂ ಪೂರೈಸದೆ ಗುಬ್ಬಿ ವೀರಣ್ಣನವರ ನಾಟಕಮಂಡಲಿಯಲ್ಲಿ ಪಳಗಿದವರು. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲ್ಗೊಂಡು ಇನ್ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ನಟಿಸಿದವರು. ಅಂತಹವರ ಬಾಯಲ್ಲಿ ಕಾಳಿದಾಸನೇ? ಬೆರಳು ಮಡಿಸಲು ಸಿದ್ಧನಾಗಿ ಕುಳಿತೆನು. ನನ್ನ ಕಿವಿಗೆ ಒಂದು ಮಹಾಪ್ರಾಣವೂ ಜಾರಿದಂತೆ ಕೇಳಲಿಲ್ಲ. ಅದಿರಲಿ, ಅಕ್ಷರವರಿಯದ ಕುರುಬನು ಪಂಡಿತವೇಷ ತೊಟ್ಟು ತಬ್ಬಿಬ್ಬಾದಾಗ ಡೇರೆಯೆಲ್ಲ ನಕ್ಕಿತು, ನನಗೆ ನಗೆ ಬರಲಿಲ್ಲ. ಅಂದು ಬೆಳಗ್ಗೆ ಶಬ್ದರೂಪ ತಪ್ಪಿದ ಹುಡುಗನೊಬ್ಬನನ್ನು ‘ಕುರಿ ಕಾಯಹೋಗು’ ಎಂದು ತರಗತಿಯೆದುರು ಗದರಿದ್ದೆನು. ಮರುದಿನ ಅವನು ಶಾಲೆಗೆ ಬರಲಿಲ್ಲ. ಸಂಜೆ, ರೇಷ್ಮೆನೂಲು ತೆಗೆಯುವವರ ಕೇರಿಯಲ್ಲಿ ಅವನ ಮನೆಯನ್ನು ವಿಚಾರಿಸುತ್ತ ಹೊರಟೆನು.